ಕಣಜದ ಬೆಕ್ಕಿನ ಮರಿಗೆ ಅಕಸ್ಮಾತ್ತಾಗಿ ಬರುವ ವ್ಯಾಧಿ

ಇಲಿ ಹೆಗ್ಗಣಗಳಿಂದ ದವಸಕ್ಕೆ ಉಂಟಾಗುವ ನಷ್ಟವನ್ನು ಕುರಿತು ಈ ಪತ್ರಿಕೆಯಲ್ಲಿ ಆಗಾಗ್ಗೆ ಲೇಖನಗಳು ಬರುತ್ತಿರುವುದು ವಾಚಕ ಮಹಾಶಯರಿಗೆ ತಿಳಿದ ವಿಷಯವೇ ಆಗಿದೆ. ಆ ಲೇಖನಗಳಲ್ಲಿ ವಿಷದ ತಿನಿಸು, ಬೋನು, ಕಣಜದ ತಳಕ್ಕೆ ಸಿಮೆಂಟಿನ ಗಾರೆ ಮುಂತಾದುವನ್ನೆಲ್ಲಾ ಹೇಳುತ್ತೇವೆಯೇ ಹೊರತು, ಯಾವ ಸಂಬಳವನ್ನೂ ಕೇಳದೆ ರಾತ್ರಿಯೆಲ್ಲಾ ಪಹರೆ ತಿರುಗುವ ಬೆಕ್ಕಿನ ಆರೋಗ್ಯದ ಮಾತನ್ನು ಎತ್ತುವುದು ಅಪರೂಪ. ಎತ್ತಿಗೆ ಬೇನೆ ಬಂದರೆ ಊರೇ ಸೇರುತ್ತದೆ. ಬೆಕ್ಕು ಸತ್ತರೆ ತಿಪ್ಪೆಗೆ ಎಸೆದು ಮತ್ತೊಂದನ್ನು ತಂದುಕೊಳ್ಳುತ್ತೇವೆ. ನಾನೂ ಮೊನ್ನೆ ಮೊನ್ನೆಯವರೆಗೆ ಹಾಗೆಯೇ ಇದ್ದವನು. ಕಳೆದ ಸುಗ್ಗಿಯಲ್ಲಿ ಒಂದು ಮರಿಯ ದೆಸೆಯಿಂದ ಕಲಿತ ಕೆಲವು ಸಂಗತಿಗಳನ್ನೂ, ಅದರ ಮಧ್ಯೆ ನಾನೇ ಮಾಡಿದ ಒಂದು ತಪ್ಪನ್ನೂ ಇಲ್ಲಿ ಬರೆದಿದ್ದೇನೆ. ನಾನು ವ್ಯವಸಾಯವನ್ನು ಓದಿದವನು, ಪಶುವೈದ್ಯನಲ್ಲ. ಆದಕಾರಣ ಚಿಕಿತ್ಸೆಗೆ ಸಂಬಂಧಪಟ್ಟ ಮಾತೆಲ್ಲವೂ ನಮ್ಮ ತಾಲ್ಲೂಕಿನ ಪಶುವೈದ್ಯಾಧಿಕಾರಿಗಳಿಂದ ಕೇಳಿ ತಿಳಿದುದೆಂದು ಭಾವಿಸತಕ್ಕದ್ದು.

ಸಂಕ್ರಾಂತಿ ಕಳೆದ ವಾರ ನಾನು ಮಂಡ್ಯ ಜಿಲ್ಲೆಯ ಒಂದು ಗ್ರಾಮದಲ್ಲಿ ಸರ್ಕೀಟಿನಲ್ಲಿದ್ದೆನು. ಅಲ್ಲಿನ ಹಿರಿಯ ರೈತರಾದ ಗೌಡರೊಬ್ಬರ ಕಣದಲ್ಲಿ ಹಳೆಯ ಹುಲ್ಲಿನ ಮೆದೆಯನ್ನು ಕೆಡವುತ್ತಿರುವಾಗ ತಳದಲ್ಲಿ ಬೆಕ್ಕಿನ ಮರಿಗಳ ಕೂಗು ಕೇಳಿಸಿತು. ಆಳುಗಳು ಹುಲ್ಲನ್ನು ಸರಿಸುವಷ್ಟರಲ್ಲಿಯೇ ನಾಯಿಗಳು ನುಗ್ಗಿ ಎರಡು ಮರಿಗಳನ್ನು ಕಚ್ಚಿ ಕೊಂದುಹಾಕಿದುವು. ಮೂರನೆಯದು ಗಾಡಿಯ ಚಕ್ರದ ಸಂದಿಯನ್ನು ಹೊಕ್ಕು ಉಳಿದುಕೊಂಡಿತು. ತಾಯಿಬೆಕ್ಕು ಹೆದರಿ ಓಡಿಹೋಗಿತ್ತು. ಇಂಥ ಸಮಯದಲ್ಲಿ ಮರಿಯನ್ನು ಕೂಡಲೇ ಎತ್ತಿಕೊಂಡು ಹೋಗುವುದು ಸರಿಯಲ್ಲ. ಗದ್ದಲ ಅಡಗಿದ ಮೇಲೆ ತಾಯಿ ತಾನಾಗಿ ಬಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುವುದುಂಟು. ನಾಯಿಗಳನ್ನು ಕಟ್ಟಿಸಿ ಸಂಜೆಯವರೆಗೂ ದೂರದಲ್ಲಿ ಕಾದೆವು. ತಾಯಿ ಬರಲಿಲ್ಲ. ಗೌಡರು ಒಂದು ಬಿದಿರಿನ ಮಂಕರಿಯನ್ನು ತರಿಸಿ, "ತಕ್ಕೊಂಡು ಹೋಗಿ ಸ್ವಾಮಿ. ನಮ್ಮ ಮನೇಲಿ ಎರಡು ಎಳೆಬೆಕ್ಕು ಅವೆ, ಅಷ್ಟು ಸಾಕು. ಮಂಕರಿ ಮಾತ್ರ ಮರೀದೆ ಕಳಿಸಿಕೊಡಿ" ಎಂದರು.

ಮರಿಗೆ ಹಾಲುಹಲ್ಲುಗಳೆಲ್ಲಾ ಮೂಡಿದ್ದುವು. ಸುಮಾರು ಆರು ವಾರದ್ದಿರಬಹುದು. ಬೀಜ ತೂಗುವ ತಕ್ಕಡಿಯಲ್ಲಿ ತೂಗಿದಾಗ ೫೨೦ ಗ್ರಾಂ ಬಂದಿತು. ವಯಸ್ಸಿಗೆ ಸ್ವಲ್ಪ ಕಡಿಮೆಯೇ. ಆದರೂ ಚುರುಕಾಗಿದ್ದಿತು. ನನ್ನ ಕಿರಿಯ ಮಗಳು ಅದನ್ನು ಮಂಕರಿಯಲ್ಲಿಯೇ ಗೋಣಿತಾಟಿನ ಮೇಲೆ ಮಲಗಿಸಿ, ದಿನಕ್ಕೆ ನಾಲ್ಕು ಬಾರಿ ಹಸುವಿನ ಹಾಲನ್ನು ಕೊಡುತ್ತಿದ್ದಳು. ಮೂರನೆಯ ದಿನ ಭೇದಿ ತೆಳುವಾಯಿತು. ಹಸುವಿನ ಹಾಲಿನ ಸಕ್ಕರೆಯನ್ನು ಜೀರ್ಣಿಸಿಕೊಳ್ಳುವ ಶಕ್ತಿ ಬೆಕ್ಕಿಗೆ ಕಡಿಮೆಯಾದ್ದರಿಂದ ಹಾಗಾಗುವುದು ಸಹಜವೆಂದು ಓದಿದ್ದೆನು. ಹಾಲನ್ನು ನಿಲ್ಲಿಸಿದೆವು, ಭೇದಿಯೂ ಗಟ್ಟಿಯಾಯಿತು. ಈ ಅರೆಜ್ಞಾನವೇ ಮುಂದೆ ನನ್ನನ್ನು ಮೋಸಗೊಳಿಸಿತು.

ಆರನೆಯ ದಿನದ ಬೆಳಗಿನಲ್ಲಿ ಮರಿ ಮಂಕರಿಯಿಂದ ಹೊರಗೆ ಬರಲಿಲ್ಲ. ಹಿಂದಿನ ರಾತ್ರಿ ದಾರದ ಉಂಡೆಯ ಹಿಂದೆ ಓಡಿದ ಮರಿ ಅದೇ ಎಂದು ನಂಬುವಂತಿರಲಿಲ್ಲ. ಮಂಕರಿಯ ತಳದಲ್ಲಿ ಹಳದಿಯ ನೊರೆಯನ್ನು ವಾಂತಿ ಮಾಡಿಕೊಂಡಿದ್ದಿತು. ಹೊರಗೆ ತೆಗೆದು ಬಿಟ್ಟರೆ ನೀರಿನ ಬಟ್ಟಲಿನ ಬಳಿಗೆ ತೆವಳಿ, ಬಟ್ಟಲಿನ ಮೇಲೆ ತಲೆಯನ್ನು ಜೋಲಿಸಿಕೊಂಡು ಕುಳಿತುಬಿಟ್ಟಿತು, ಕುಡಿಯಲಿಲ್ಲ. ಈ ಒಂದು ಭಂಗಿಯನ್ನು ಓದುಗರು ಜ್ಞಾಪಕದಲ್ಲಿಡಬೇಕು. ಬಾಯಾರಿಕೆ ಇದ್ದೂ ಕುಡಿಯಲಾರದೆ ನೀರಿನ ಮುಂದೆ ಕುಳಿತಿರುವ ಮರಿ ಈ ರೋಗದ ಪ್ರಸಿದ್ಧವಾದ ಗುರುತು. ನನಗೆ ಆಗ ಅದು ತಿಳಿಯದು. ಹಾಲು ಪುನಃ ಯಾರೋ ಕೊಟ್ಟಿರಬೇಕೆಂದು ಮಗಳನ್ನು ಗದರಿಸಿ, ಕಚೇರಿಗೆ ಹೊರಟುಹೋದೆನು. ಮಧ್ಯಾಹ್ನ ಬಂದು ನೋಡುವಲ್ಲಿ ಮರಿಯ ಕಣ್ಣುಗಳು ಗುಳಿಬಿದ್ದಿದ್ದುವು. ಕತ್ತಿನ ಹಿಂದಿನ ಚರ್ಮವನ್ನು ಎತ್ತಿ ಬಿಟ್ಟರೆ ಅದು ಕೂಡಲೇ ಇಳಿಯದೆ ಡೇರೆಯಂತೆ ನಿಂತಿತು. ದೇಹದ ನೀರು ಆರಿಹೋಗಿದೆಯೆಂಬುದಕ್ಕೆ ಅದೇ ಸಾಕ್ಷಿ. ಹೀಗೆ ಅರ್ಧ ದಿನವನ್ನು ನಾನೇ ಕಳೆದೆನು. ಎಳೆಯ ಮರಿಗೆ ಅರ್ಧ ದಿನವೆಂದರೆ ಅಲ್ಪವಲ್ಲ.

ಪಶುಚಿಕಿತ್ಸಾಲಯದಲ್ಲಿ ಉಷ್ಣಮಾಪಕದಿಂದ ನೋಡಿದಾಗ ೧೦೫ ಡಿಗ್ರಿ ಫ್ಯಾರನ್‌ಹೀಟ್ ಜ್ವರವಿದ್ದಿತು. ಬೆಕ್ಕಿನ ಸಹಜವಾದ ಶಾಖವು ಸುಮಾರು ೧೦೦.೫ರಿಂದ ೧೦೨.೫ ಡಿಗ್ರಿಯವರೆಗೆ. ವೈದ್ಯರು ನಾಯಿಗಳ ಪಾರ್ವೋ ರೋಗವನ್ನು ಪರೀಕ್ಷಿಸುವ ಸಣ್ಣ ಪಟ್ಟಿಯೊಂದನ್ನು ತೆಗೆದು, ಮರಿಯ ಮಲವನ್ನು ಅದರ ಮೇಲೆ ಪರೀಕ್ಷಿಸಿದರು. ಬೆಕ್ಕಿಗೆ ನಾಯಿಯ ಪರೀಕ್ಷೆಯೇ ಎಂದು ನಾನು ಕೇಳಲು, ಎರಡೂ ಹತ್ತಿರದ ದಾಯಾದಿಗಳಾದ್ದರಿಂದ ಒಂದೇ ಪಟ್ಟಿ ಎರಡನ್ನೂ ತೋರಿಸುವುದೆಂದು ವಿವರಿಸಿದರು. ಕೆಲವು ನಿಮಿಷಗಳಲ್ಲಿ ಎರಡು ಗೆರೆಗಳು ಮೂಡಿದುವು.

ಈ ವ್ಯಾಧಿಗೆ ಪ್ಯಾನ್‌ಲ್ಯೂಕೊಪೀನಿಯಾ ಎಂದು ಹೆಸರು. ಬೆಕ್ಕಿನ ಡಿಸ್ಟೆಂಪರ್ ಎಂದೂ ಕರೆಯುವರು. ರಕ್ತದ ಬಿಳಿಯ ಕಣಗಳೆಲ್ಲಾ ಕುಗ್ಗಿಹೋಗುವುದೆಂಬುದೇ ಹೆಸರಿನ ಅರ್ಥ. ಇದಕ್ಕೆ ಕಾರಣ ವೈರಸ್ಸೆಂಬುದನ್ನು ೧೯೨೮ರಲ್ಲಿ ಫ್ರಾನ್ಸ್ ದೇಶದಲ್ಲಿ ತೋರಿಸಿಕೊಟ್ಟರು. ನಾಯಿಗಳ ಪಾರ್ವೋ ರೋಗವು ೧೯೭೮ರಲ್ಲಿ ಲೋಕವನ್ನೆಲ್ಲಾ ವ್ಯಾಪಿಸಿದಾಗ, ಅದೂ ಇದೇ ವಂಶದ್ದೆಂದು ಗೊತ್ತಾಯಿತು. ವೈರಸ್ಸು ದೇಹದಲ್ಲಿ ಬೇಗ ಬೇಗ ವೃದ್ಧಿಯಾಗುವ ಜೀವಕಣಗಳನ್ನೇ ಹುಡುಕಿ ಹಿಡಿಯುತ್ತದೆ. ಅಂಥವು ಕರುಳಿನ ಒಳಪೊರೆಯಲ್ಲಿಯೂ ಮೂಳೆಯ ಮಜ್ಜೆಯಲ್ಲಿಯೂ ಇರುವುವು. ಕೋಟೆಯ ಗೋಡೆಯೂ ಬಿದ್ದು, ಕಾವಲಿನ ದಂಡೂ ಸತ್ತ ಹಾಗೆ, ಕರುಳಿನ ಪೊರೆ ಹರಿದ ದಾರಿಯಲ್ಲಿ ಸಾಮಾನ್ಯವಾದ ಕ್ರಿಮಿಗಳೂ ರಕ್ತವನ್ನು ಹೊಗುವುವು. ಅವನ್ನು ತಡೆಯತಕ್ಕ ಬಿಳಿಯ ಕಣಗಳು ಇರುವುದಿಲ್ಲ. ಚಿಕಿತ್ಸೆಯಿಲ್ಲದಿದ್ದರೆ ಎಳೆಯ ಮರಿಗಳಲ್ಲಿ ಬಹುಪಾಲು ಸಾಯುವುವು. ಸೋಂಕು ತಗಲಿದ ಮೇಲೆ ಸಾಮಾನ್ಯವಾಗಿ ೨ರಿಂದ ೧೦ ದಿನಗಳೊಳಗೆ ರೋಗವು ಕಾಣಿಸಿಕೊಳ್ಳುವುದರಿಂದ, ನಮ್ಮ ಮರಿಗೆ ಮೆದೆಯಲ್ಲಿದ್ದಾಗಲೇ ಅದು ತಗಲಿರಬಹುದೆಂದು ವೈದ್ಯರ ಅಭಿಪ್ರಾಯ. ದನಕರುಗಳಿಗಾಗಲಿ ಮನುಷ್ಯರಿಗಾಗಲಿ ಇದು ಅಂಟುವುದಿಲ್ಲ.

ವೈರಸ್ಸನ್ನು ಕೊಲ್ಲುವ ಔಷಧವು ಇದಕ್ಕೆ ಇಲ್ಲ. ಬಿಳಿಯ ಕಣಗಳು ಪುನಃ ಹುಟ್ಟುವವರೆಗೆ ಮರಿಯನ್ನು ಬದುಕಿಸಿಟ್ಟುಕೊಳ್ಳುವುದೇ ಚಿಕಿತ್ಸೆ. ವೈದ್ಯರು ಶರೀರದ ಶಾಖಕ್ಕೆ ಬೆಚ್ಚಗೆ ಮಾಡಿದ ಲವಣದ ದ್ರಾವಣವನ್ನು ಚರ್ಮದ ಕೆಳಗೆ ಹಾಕಿದರು; ವಾಂತಿ ನಿಲ್ಲುವುದಕ್ಕೆ ಒಂದು ಸೂಜಿ, ಕ್ರಿಮಿಗಳ ಹಾವಳಿಯನ್ನು ತಡೆಯುವುದಕ್ಕೆ ಮತ್ತೊಂದು. ಬೆಳಿಗ್ಗೆ ಸಂಜೆ ಎರಡು ಹೊತ್ತೂ ಕರೆತರಬೇಕೆಂದರು. "ಐದು ದಿನ ದಾಟಿದರೆ ಬದುಕೀತು. ಬೇರೆ ಬೆಕ್ಕುಗಳ ಹತ್ತಿರಕ್ಕೆ ಮಾತ್ರ ಬಿಡಬೇಡಿ" ಎಂದು ಹೇಳಿ ಕಳುಹಿಸಿದರು. ನಮ್ಮ ಬೀದಿಯ ಬೆಕ್ಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಆಗಲೆಂದು ತಲೆಯಾಡಿಸಿದೆನು.

ರಾತ್ರಿಯ ಶುಶ್ರೂಷೆಯೆಲ್ಲಾ ಮನೆಯವರದು. ಒಂದು ಮರದ ಪೆಟ್ಟಿಗೆಯ ಅರ್ಧಭಾಗಕ್ಕೆ ಮಾತ್ರ ಬಿಸಿನೀರಿನ ಸೀಸೆಗಳನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟೆವು. ಮಿಕ್ಕ ಅರ್ಧವನ್ನು ಖಾಲಿ ಬಿಡುವುದು ಏತಕ್ಕೆಂದರೆ, ಶಾಖ ಹೆಚ್ಚಾದರೆ ಮರಿ ತಾನಾಗಿ ಸರಿದುಕೊಳ್ಳಲು ಸ್ಥಳವಿರಬೇಕು. ವಾಂತಿ ನಿಲ್ಲುವವರೆಗೆ ಬಾಯಿಗೆ ಏನನ್ನೂ ಹುಯ್ಯಲಿಲ್ಲ. ಬಲವಂತವಾಗಿ ಹುಯ್ದುದು ಶ್ವಾಸಕೋಶಕ್ಕೆ ಇಳಿದು ಮರಿ ಅದರಿಂದಲೇ ಸಾಯುವುದುಂಟು. ಎರಡನೆಯ ರಾತ್ರಿ ಸುಮಾರು ಎರಡು ಗಂಟೆಯಲ್ಲಿ ಜ್ವರವೆಲ್ಲಾ ಇಳಿದು ಮರಿಯ ಪಾದಗಳೂ ಬಾಯಿಯ ಒಳಗೂ ತಣ್ಣಗಾದುವು. ಜ್ವರ ಬಿಟ್ಟಿತೆಂದು ನನ್ನ ಮನೆಯವರು ಸಂತೋಷಪಟ್ಟರು. ಅದು ಸಂತೋಷಪಡುವ ಸಂಗತಿಯಲ್ಲ. ಶಾಖವು ೯೯ಕ್ಕಿಂತ ಕೆಳಗೆ ಇಳಿಯುವುದು ಜ್ವರಕ್ಕಿಂತ ಕೆಟ್ಟದ್ದು. ಸೀಸೆಗಳಿಗೆ ಹೊಸ ಬಿಸಿನೀರನ್ನು ತುಂಬಿ, ಮರಿ ನಿಧಾನವಾಗಿ ಬೆಚ್ಚಗಾದ ಮೇಲೆ, ವೈದ್ಯರು ಹೇಳಿಕೊಟ್ಟಿದ್ದಂತೆ ಗ್ಲೂಕೋಸಿನ ನೀರನ್ನು ಬೆರಳಿನಲ್ಲಿ ಅದ್ದಿ ಒಸಡಿಗೆ ಸವರಿದೆವು. ಮಗಳು ಬೆಳಗಿನವರೆಗೆ ಹತ್ತು ನಿಮಿಷಕ್ಕೊಮ್ಮೆ ಸವರುತ್ತಿದ್ದಳು. ಕೋಳಿ ಕೂಗುವ ಹೊತ್ತಿಗೆ ಮರಿ ಬೆರಳನ್ನು ಒಮ್ಮೆ ನೆಕ್ಕಿತು.

ಮೂರನೆಯ ದಿನ ತೂಕವು ೪೧೦ ಗ್ರಾಮಿಗೆ ಇಳಿದಿದ್ದಿತು. ನಾಲ್ಕನೆಯ ದಿನ ವಾಂತಿ ನಿಂತಿತು. ನಮ್ಮದು ಸಸ್ಯಾಹಾರದ ಮನೆ. ಪಕ್ಕದ ಮನೆಯ ಪುಣ್ಯಾತಗಿತ್ತಿಯೊಬ್ಬರು ಉಪ್ಪು ಈರುಳ್ಳಿ ಯಾವುದೂ ಇಲ್ಲದೆ ಬೇಯಿಸಿದ ಕೋಳಿಯ ತಿಳಿಯನ್ನು ಹಿತ್ತಲ ಬಾಗಿಲಿನಿಂದ ಕೊಡುತ್ತಿದ್ದರು. ಈರುಳ್ಳಿ ಬೆಳ್ಳುಳ್ಳಿಗಳು ಬೆಕ್ಕಿನ ರಕ್ತವನ್ನು ಕೆಡಿಸುವುವಾದ್ದರಿಂದ ಸಾರಿನ ಎಸರನ್ನು ಕೊಡಕೂಡದು. ಒಂದೊಂದು ಚಮಚೆಯಂತೆ ಎರಡು ಗಂಟೆಗೊಮ್ಮೆ ಕೊಟ್ಟೆವು. ಆರನೆಯ ದಿನ ಅದು ಪೆಟ್ಟಿಗೆಯ ಅಂಚನ್ನು ಹತ್ತಿ ಕೂಗಿತು.

ಊರುಗಳಲ್ಲಿ ಇಂಥ ಮರಿಗೆ ಮಾಡುವ ಉಪಚಾರಗಳಲ್ಲಿ ಕೆಲವು ರೋಗಕ್ಕಿಂತ ಘೋರವಾದುವು. ಜ್ವರಕ್ಕೆಂದು ಪ್ಯಾರಾಸಿಟಮಾಲ್ ಮಾತ್ರೆಯನ್ನು ಅರೆದು ಕೊಡುವವರಿದ್ದಾರೆ. ಮನುಷ್ಯರ ಒಂದೇ ಮಾತ್ರೆ ದೊಡ್ಡ ಬೆಕ್ಕನ್ನೂ ಕೊಲ್ಲಬಲ್ಲದು. ವಿಷ ತಿಂದಿದೆಯೆಂದು ಉಪ್ಪಿನ ನೀರನ್ನು ಹುಯ್ದು ಕಕ್ಕಿಸುವರು. ನೀರು ಆರಿದ ದೇಹಕ್ಕೆ ಉಪ್ಪನ್ನು ಸೇರಿಸಿದ ಹಾಗಾಗುತ್ತದೆ. ನೆಲಕ್ಕೆ ಫಿನೈಲ್ ಸುರಿಯುವರು. ಫೀನಾಲ್ ಜಾತಿಯ ದ್ರವಗಳು ಬೆಕ್ಕಿಗೆ ವಿಷ. ಮತ್ತೊಂದು ಎಚ್ಚರಿಕೆ. ಎಲ್ಲಿಂದಲೋ ತಂದ ಮರಿ ಔಷಧ ಕೊಡುವಾಗ ಕಚ್ಚಿದರೆ ಅಥವಾ ಪರಚಿ ರಕ್ತ ಬಂದರೆ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಹುಚ್ಚುನಾಯಿ ರೋಗದ ಲಸಿಕೆಯ ವಿಷಯವನ್ನು ವಿಚಾರಿಸತಕ್ಕದ್ದು. ನನ್ನ ಮಗಳಿಗೂ ಹಾಗೆಯೇ ಹಾಕಿಸಿದೆನು. ಮರಿ ಸಣ್ಣದೆಂದು ಉದಾಸೀನ ಮಾಡಕೂಡದು.

ಇನ್ನು ನನ್ನ ತಪ್ಪಿನ ವಿಷಯ. ಮರಿಗೆ ಕಾಯಿಲೆಯಾದ ದಿನವೇ ಸಂಜೆ ಗೌಡರ ಗ್ರಾಮಕ್ಕೆ ಹೋಗುವ ಪರಿಚಿತರೊಬ್ಬರು ಸಿಕ್ಕಿದರು. ಮರಿಯನ್ನು ಪೆಟ್ಟಿಗೆಗೆ ಬದಲಾಯಿಸಿದ್ದೆವು. ಮಂಕರಿಯನ್ನು ನಲ್ಲಿಯ ಕೆಳಗೆ ತೊಳೆದು, ಬಿಸಿಲಿಗೆ ಇಟ್ಟು, ನುಡಿದ ಮಾತಿನಂತೆ ಅವರ ಕೈಯಲ್ಲಿ ಕಳುಹಿಸಿಬಿಟ್ಟೆನು. ಕಣ್ಣಿಗೆ ಅದು ಚೊಕ್ಕಟವಾಗಿಯೇ ಇದ್ದಿತು.

ಎಂಟು ದಿನಗಳಾದ ಮೇಲೆ ಗೌಡರಿಂದ ದೂರವಾಣಿಯಲ್ಲಿ ಕರೆ ಬಂದಿತು. ಅವರ ಎರಡು ಎಳೆಬೆಕ್ಕುಗಳಲ್ಲಿ ಒಂದು, ರಾತ್ರಿ ಚೆನ್ನಾಗಿದ್ದುದು, ಬೆಳಿಗ್ಗೆ ರಾಗಿಯ ಕಣಜದ ಬುಡದಲ್ಲಿ ಸತ್ತು ಬಿದ್ದಿದ್ದಿತಂತೆ. ಇನ್ನೊಂದು ವಾಂತಿ ಮಾಡುತ್ತಿದೆಯಂತೆ. ಪಕ್ಕದ ಜಮೀನಿನವರು ಆ ವಾರ ಕಬ್ಬಿನ ಬದುವಿಗೆ ಇಲಿಯ ವಿಷವನ್ನು ಇಟ್ಟಿದ್ದರು. ಎರಡು ಮನೆಗಳಿಗೂ ಕಾಲುವೆಯ ನೀರಿನ ವಿಷಯದಲ್ಲಿ ಮೊದಲೇ ಮನಸ್ತಾಪವಿದ್ದಿತು. "ಬೆಕ್ಕಿಗೆ ಮದ್ದು ಇಕ್ಕವ್ರೆ ಸ್ವಾಮಿ, ನಾಳೆ ದನಕ್ಕೂ ಇಕ್ಕುತ್ತಾರೆ. ಇಲಿ ಮದ್ದು ನಿಮ್ಮ ಇಲಾಖೇದು, ನೀವೇ ಬಂದು ಹೇಳಿ" ಎಂದರು. ನಾನು ಹೋಗುವಷ್ಟರಲ್ಲಿ ಜಗಲಿಯ ಮೇಲೆ ಹತ್ತು ಹದಿನೈದು ಜನ ಸೇರಿದ್ದರು. ಪಕ್ಕದ ಜಮೀನಿನ ಯಜಮಾನರು ಬೀದಿಯಲ್ಲಿಯೇ ನಿಂತಿದ್ದರು. ಯಾರೂ ಅವರನ್ನು ಕುಳಿತುಕೊಳ್ಳಿರೆಂದು ಹೇಳಿರಲಿಲ್ಲ.

ಗ್ರಾಮದಲ್ಲಿ ನ್ಯಾಯ ಹೇಳಬೇಕಾದ ಹಿರಿಯರಿಗೆ ಇಲ್ಲಿ ತಿಳಿದಿರಬೇಕಾದ ಸಂಗತಿ ಇದು. ಈ ರೋಗವು ಕೆಲವು ಬಾರಿ ಅತಿ ವೇಗವಾಗಿ ಬಂದು ಒಂದೇ ರಾತ್ರಿಯಲ್ಲಿ ಕೊಲ್ಲುವುದರಿಂದ ವಿಷಪ್ರಯೋಗವೆಂದೇ ತೋರುತ್ತದೆ. ಆದರೆ ಭೇದಗಳಿವೆ. ೯೬ ಭಾಗ ಕಾಳಿಗೆ ೨ ಭಾಗ ಎಣ್ಣೆಯನ್ನೂ ೨ ಭಾಗ ಜಿಂಕ್ ಫಾಸ್ಫೈಡನ್ನೂ ಬೆರಸಿ ಇಡುವ ಕಪ್ಪು ಮದ್ದು ಹೊಟ್ಟೆಯ ಆಮ್ಲ ತಗಲಿದೊಡನೆ ವಿಷದ ಅನಿಲವಾಗಿ, ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ತನ್ನ ಕೆಲಸವನ್ನು ತೋರಿಸುವುದು. ವಾಂತಿಯಲ್ಲಿ ಬೆಳ್ಳುಳ್ಳಿಯಂಥ ವಾಸನೆ ಇರುವುದುಂಟು. ಬ್ರೋಮಾಡಿಯೋಲೋನ್ ಬಿಲ್ಲೆಯಾದರೋ ನಿಧಾನ. ಸತ್ತ ಇಲಿಗಳನ್ನು ತಿಂದ ಬೆಕ್ಕಿಗೆ ಕೆಲವು ದಿನಗಳಾದ ಮೇಲೆ ಒಳಗೆ ರಕ್ತ ಸೋರಿ ಒಸಡುಗಳು ಬಿಳಿಚಿಕೊಳ್ಳುವುವು. ನೀರಿನ ಮುಂದೆ ಕುಳಿತು ಕುಡಿಯಲಾರದಿರುವುದು, ಹೆಚ್ಚಾದ ಜ್ವರ, ಎಳೆಯ ಬೆಕ್ಕುಗಳೇ ಒಂದರ ಹಿಂದೊಂದು ಬೀಳುವುದು, ಇವು ಒಟ್ಟಿಗೆ ಕಂಡರೆ ರೋಗವನ್ನೇ ಮೊದಲು ಸಂದೇಹಿಸಬೇಕು. ಹಾಗೆಂದು ಕಣ್ಣಂದಾಜಿನ ಮೇಲೆ ತೀರ್ಪು ಹೇಳಕೂಡದು; ವೈದ್ಯರ ಪರೀಕ್ಷೆಯೇ ಪ್ರಮಾಣ.

ನಾನು ಎರಡನೆಯ ಬೆಕ್ಕನ್ನು ನೋಡಲು ಒಳಗೆ ಹೋದೆನು. ಅದು ಕಣಜದ ಪಕ್ಕದಲ್ಲಿ ನಾನು ಕಳುಹಿಸಿದ ಮಂಕರಿಯಲ್ಲಿಯೇ ಮಲಗಿದ್ದಿತು. ಎರಡೂ ಅದರಲ್ಲಿಯೇ ಮಲಗುತ್ತಿದ್ದುವೆಂದು ಮನೆಯ ಹೆಂಗಸರು ಹೇಳಿದರು. ಆಗ ನನಗೆ ವೈದ್ಯರ ಮಾತು ನೆನಪಿಗೆ ಬಂದಿತು. ಅವರನ್ನು ಕರೆಯಿಸಿ ಪರೀಕ್ಷೆ ಮಾಡಿಸಿದುದಾಯಿತು. ಅದೇ ಎರಡು ಗೆರೆಗಳು. ನಾನು ಜಗಲಿಗೆ ಬಂದು, ವಿಷವನ್ನು ಯಾರೂ ಹಾಕಿಲ್ಲವೆಂದೂ, ರೋಗವು ನನ್ನ ಮನೆಯಿಂದ ಮಂಕರಿಯ ಮೂಲಕ ಬಂದಿತೆಂದೂ ಹೇಳಿದೆನು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಗೌಡರು ಬೀದಿಯ ಕಡೆಗೆ ನೋಡಿ, "ಮೇಲಕ್ಕೆ ಬನ್ನಿ, ಕೂತ್ಕಳಿ" ಎಂದರು. ನನಗೆ ಏನನ್ನೂ ಅನ್ನಲಿಲ್ಲ. ಆ ಬೆಕ್ಕು ಮೂರನೆಯ ದಿನ ಸತ್ತಿತು.

ನೀರಿನಲ್ಲಿ ತೊಳೆದರೂ ಬಿಸಿಲಿನಲ್ಲಿ ಒಂದು ಮಧ್ಯಾಹ್ನ ಒಣಗಿಸಿದರೂ ಈ ವೈರಸ್ಸು ಸಾಯುವುದಿಲ್ಲ. ತಂಪಾದ ಸಂದಿಗೊಂದಿಗಳಲ್ಲಿ ಒಂದು ವರ್ಷದವರೆಗೂ ಜೀವಿಸಿರಬಲ್ಲದು. ಕೈ, ಚಪ್ಪಲಿ, ಬಟ್ಟೆ, ಊಟದ ತಟ್ಟೆ ಎಲ್ಲವೂ ಅದಕ್ಕೆ ವಾಹನವೇ. ಮಂಕರಿ, ಗೋಣಿತಾಟು ಮುಂತಾದುವನ್ನು ಸುಟ್ಟುಬಿಡುವುದು ಲೇಸು. ಗಾರೆಯ ನೆಲವನ್ನೂ ಪಾತ್ರೆಗಳನ್ನೂ ಮೊದಲು ಸೋಪಿನಿಂದ ಉಜ್ಜಿ ತೊಳೆದು, ಆಮೇಲೆ ಒಂದು ಲೀಟರು ನೀರಿಗೆ ಸುಮಾರು ೬ ಗ್ರಾಂ ಹೊಸ ಬ್ಲೀಚಿಂಗ್ ಪುಡಿಯನ್ನು ಕದಡಿ, ಅದರಿಂದ ಹತ್ತು ನಿಮಿಷ ನೆನೆಸಿ ಮತ್ತೆ ತೊಳೆಯಬೇಕು. ಕೊಳೆಯ ಮೇಲೆ ಈ ನೀರು ಕೆಲಸ ಮಾಡದು. ಫಿನೈಲನ್ನಾಗಲಿ ಆಮ್ಲವನ್ನಾಗಲಿ ಇದರೊಡನೆ ಬೆರಸಕೂಡದು. ವಿಷವಾಯು ಏಳುವ ಅಪಾಯವಿದೆ. ಸಗಣಿ ಸಾರಿಸಿದ ಮಣ್ಣಿನ ನೆಲಕ್ಕೆ ಇದು ಯಾವುದೂ ಸಾಲದು. ಅಂಥ ಮನೆಗೆ ಲಸಿಕೆಯಿಲ್ಲದ ಹೊಸ ಮರಿಯನ್ನು ಒಂದು ವರ್ಷ ತರದಿರುವುದೇ ಉಪಾಯ.

ಗೌಡರ ಕಣಜದ ಕೋಣೆ ಅಂಥದೇ. ಬೆಕ್ಕುಗಳಿಲ್ಲದ ಒಂದು ತಿಂಗಳಿನಲ್ಲಿಯೇ ಹೆಗ್ಗಣಗಳು ಕಣಜದ ಬುಡವನ್ನು ತೋಡಿದುವು. ಈ ರೋಗದಿಂದ ಚೇತರಿಸಿಕೊಂಡ ಬೆಕ್ಕಿಗೆ ಮತ್ತೆ ಅದು ಬರುವುದಿಲ್ಲವೆಂದೇ ಹೇಳಬಹುದು. ಆದರೆ ಗುಣವಾದ ಮೇಲೆಯೂ ಕೆಲವು ವಾರ ಮಲದಲ್ಲಿ ವೈರಸ್ಸನ್ನು ಬಿಡುತ್ತಿರಬಹುದು. ಆ ಅವಧಿ ಕಳೆಯುವವರೆಗೆ ಕಾದು, ವೈದ್ಯರಿಂದ ಉಳಿದ ರೋಗಗಳ ಲಸಿಕೆಯನ್ನೂ ಹಾಕಿಸಿ, ಯುಗಾದಿಯಾದ ಮೇಲೆ ನಮ್ಮ ಮರಿಯನ್ನು ಗೌಡರ ಮನೆಗೆ ನಾನೇ ತಲಪಿಸಿದೆನು. ಮಗಳು ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ಮರಿಯ ತೂಕ ಆಗ ಒಂದೂಕಾಲು ಕಿಲೋಗ್ರಾಂ.

ಈ ವ್ಯಾಧಿಗೆ ಲಸಿಕೆ ಇದೆ, ಮತ್ತು ಅದು ಬಹು ನಂಬಿಕೆಯದು. ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಮೊದಲನೆಯದು. ಅಲ್ಲಿಂದ ಮೂರು ನಾಲ್ಕು ವಾರಗಳಿಗೊಮ್ಮೆ, ಮರಿಗೆ ಹದಿನಾರು ವಾರ ತುಂಬುವವರೆಗೆ. ಒಂದು ವರ್ಷದ ಮೇಲೆ ಮತ್ತೊಂದು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಇರುವಷ್ಟು ಕಾಲ ಲಸಿಕೆ ಹಿಡಿಯದಿರಬಹುದಾದ್ದರಿಂದ ಹೀಗೆ ಹಲವು ಬಾರಿ ಹಾಕುವರು. ಕಾಯಿಲೆಯಲ್ಲಿರುವ ಮರಿಗೆ ಹಾಕಕೂಡದು. ದನಗಳ ಲಸಿಕೆಯಂತೆ ಇದು ಎಲ್ಲ ಚಿಕಿತ್ಸಾಲಯಗಳಲ್ಲಿಯೂ ಸಿದ್ಧವಾಗಿ ಇರುವುದಿಲ್ಲ. ಶೀತದ ಪೆಟ್ಟಿಗೆಯಲ್ಲಿ ೨ರಿಂದ ೮ ಡಿಗ್ರಿ ಸೆಂಟಿಗ್ರೇಡಿನಲ್ಲಿ ತರಿಸಬೇಕು, ಒಂದೊಂದು ಬೆಕ್ಕಿಗೆ ಒಂದೊಂದು ಬುಡ್ಡಿ. ಗ್ರಾಮದ ಹಿರಿಯರು ತಮ್ಮ ಊರಿನಲ್ಲಿ ಎಷ್ಟು ಮನೆಗಳಲ್ಲಿ ಎಳೆಯ ಬೆಕ್ಕುಗಳಿವೆಯೆಂಬುದನ್ನು ಎಣಿಸಿ ಪಶುವೈದ್ಯಾಧಿಕಾರಿಗಳಿಗೆ ಮುಂಚಿತವಾಗಿ ತಿಳಿಸಿದರೆ ಒಂದೇ ಸಾರಿ ತರಿಸಲು ಅನುಕೂಲವಾಗುತ್ತದೆ. ಗೌಡರ ಗ್ರಾಮದಲ್ಲಿ ಈ ಪಟ್ಟಿಯನ್ನು ಕೊಟ್ಟವರು ಆ ಪಕ್ಕದ ಜಮೀನಿನ ಯಜಮಾನರು. ಹನ್ನೊಂದು ಮನೆಗಳು, ಹದಿನೇಳು ಬೆಕ್ಕುಗಳು.